ಕಲಿಕಾ ಲೈಸೆನ್ಸ್‌ನ ಪ್ರಾಥಮಿಕ ಪರೀಕ್ಷೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಚಲಾಯಿಸಲು ಇಚ್ಛಿಸುವ ಪ್ರತಿಯೊಬ್ಬ ವ್ಯಕ್ತಿಯೂ ಮೊದಲು ಕಲಿಕಾ ಲೈಸೆನ್ಸ್ ಪಡೆಯತಕ್ಕದ್ದು. ಅದನ್ನು ಪಡೆಯುವ ಮುನ್ನ ರಸ್ತೆ ಸಂಚಾರದ ಚಿಹ್ನೆಗಳು, ಸಂಕೇತಗಳು, ನಿಯಮಗಳು ಹಾಗೂ ಚಾಲಕನ ಕರ್ತವ್ಯಗಳ ಕುರಿತು ಪ್ರಾಥಮಿಕ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕಾಗುತ್ತದೆ. ಈ ಪರೀಕ್ಷೆಯಲ್ಲಿ ವಾಹನ ಓಡಿಸಿ ತೋರಿಸುವ ಅಗತ್ಯವಿರುವುದಿಲ್ಲ. ತಿಳಿವಳಿಕೆಯನ್ನು ಮಾತ್ರ ಪರಿಶೀಲಿಸಲಾಗುತ್ತದೆ. ಈ ಕಾರಣದಿಂದಲೇ ಅನೇಕ ಅರ್ಜಿದಾರರು ಇದನ್ನು ಒಂದು ಔಪಚಾರಿಕ ಕ್ರಮವೆಂದು ಭಾವಿಸಿ, ಸಿದ್ಧತೆಯಿಲ್ಲದೆ ಹಾಜರಾಗುತ್ತಾರೆ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟಿದ್ದಾರೆ. ಮೃತರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಸವಾರರು ಹಾಗೂ ಹಿಂಬದಿ ಸವಾರರು, ಶೇ. 19ಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಹೊಸದಾಗಿ ವಾಹನ ಕಲಿಯುವ ವ್ಯಕ್ತಿಯು ಇವರೆಲ್ಲರೊಂದಿಗೆ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತಾನೆ. ಆತನು ಮೊದಲ ಬಾರಿಗೆ ರಸ್ತೆಗಿಳಿಯುವ ಮುನ್ನ ಕಾನೂನು ಕೇಳುವ ಪ್ರಶ್ನೆಗಳು ಈ ಪರೀಕ್ಷೆಯಲ್ಲಿ ಮಾತ್ರ ಇರುತ್ತವೆ. ಆದುದರಿಂದ ಪ್ರತಿಯೊಂದು ಪ್ರಶ್ನೆಯ ಹಿಂದಿರುವ ಕಾರಣವನ್ನು ತಿಳಿದುಕೊಂಡು ಪರೀಕ್ಷೆಗೆ ಹಾಜರಾಗುವುದು ಅರ್ಜಿದಾರರ ಹಿತಕ್ಕೂ ಇತರರ ಹಿತಕ್ಕೂ ಅಗತ್ಯ. ಈ ಉದ್ದೇಶದಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಾನೂನಿನ ಆಧಾರ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 3ರನ್ವಯ ಲೈಸೆನ್ಸ್ ಇಲ್ಲದೆ ಯಾವುದೇ ವ್ಯಕ್ತಿಯು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಚಲಾಯಿಸುವಂತಿಲ್ಲ. ಪ್ರಕರಣ 8 ಕಲಿಕಾ ಲೈಸೆನ್ಸ್ ನೀಡಿಕೆಗೆ ಸಂಬಂಧಿಸಿದೆ. ಪರೀಕ್ಷೆಯ ವಿಷಯಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 11ರಲ್ಲಿ ನಿಗದಿಪಡಿಸಲಾಗಿದೆ. ರಸ್ತೆಯಲ್ಲಿ ಅನುಸರಿಸಬೇಕಾದ ನಡತೆಯ ವಿವರಗಳು ಮೋಟಾರು ವಾಹನಗಳ (ಚಾಲನೆ) ವಿನಿಯಮಗಳು, 2017ರಲ್ಲಿವೆ. 1989ರ ರಸ್ತೆ ನಿಯಮಗಳ ಬದಲಿಗೆ ಈ ವಿನಿಯಮಗಳು ಜಾರಿಗೆ ಬಂದಿರುವುದರಿಂದ, ಹಳೆಯ ಕೈಪಿಡಿಗಳನ್ನು ಓದುವವರು ಈ ಅಂಶವನ್ನು ಗಮನದಲ್ಲಿಡಬೇಕು.

2. ಅರ್ಹತೆ

(ಅ) ಸಾಮಾನ್ಯವಾಗಿ ಅರ್ಜಿದಾರರು 18 ವರ್ಷ ಪೂರೈಸಿರಬೇಕು.

(ಆ) 16 ವರ್ಷ ಪೂರೈಸಿದವರು, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ, 50 ಸಿಸಿ ಮೀರದ ಎಂಜಿನ್ ಸಾಮರ್ಥ್ಯದ ಗೇರ್ ರಹಿತ ಮೋಟಾರು ಸೈಕಲ್‌ಗೆ ಅರ್ಜಿ ಸಲ್ಲಿಸಬಹುದು.

(ಇ) ಸಾರಿಗೆ ವಾಹನ ಚಲಾಯಿಸಲು 20 ವರ್ಷ ಪೂರೈಸಿರಬೇಕು ಹಾಗೂ ಕನಿಷ್ಠ ಒಂದು ವರ್ಷ ಕಾಲ ಲಘು ಮೋಟಾರು ವಾಹನದ ಚಾಲನಾ ಲೈಸೆನ್ಸ್ ಹೊಂದಿರಬೇಕು. ಸಾರಿಗೆ ವಾಹನ ಚಾಲಕರಿಗೆ ಹಿಂದೆ ಇದ್ದ 8ನೇ ತರಗತಿಯ ಕನಿಷ್ಠ ವಿದ್ಯಾರ್ಹತೆಯನ್ನು 2019ರಲ್ಲಿ ತೆಗೆದುಹಾಕಲಾಗಿದೆ.

ಮೇಲ್ಕಂಡ (ಆ) ಅಂಶದ ಬಗ್ಗೆ ಪೋಷಕರಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪದವಿಪೂರ್ವ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳಿಗೆ ಗೇರ್ ರಹಿತ ಸ್ಕೂಟರ್ ಕೊಡಿಸಿದರೆ ಸಾಕು, ವಯಸ್ಸಿನ ತೊಡಕಿಲ್ಲ ಎಂದು ಅನೇಕರು ಭಾವಿಸಿದ್ದಾರೆ. ಇಂದು ಸಾಮಾನ್ಯವಾಗಿ ಮಾರಾಟವಾಗುವ 110 ಅಥವಾ 125 ಸಿಸಿ ಸಾಮರ್ಥ್ಯದ ಪೆಟ್ರೋಲ್ ಸ್ಕೂಟರ್‌ಗಳು ಗೇರ್ ರಹಿತವಾಗಿದ್ದರೂ 50 ಸಿಸಿ ಮಿತಿಯನ್ನು ಮೀರುವುದರಿಂದ, 18 ವರ್ಷ ತುಂಬದವರು ಅವುಗಳನ್ನು ಚಲಾಯಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 199ಎ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದು ಪರಿಗಣಿತರಾಗುತ್ತಾರೆ. ಅವರಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ರೂ. 25,000/- ದಂಡ ವಿಧಿಸಲು, ವಾಹನದ ನೋಂದಣಿಯನ್ನು 12 ತಿಂಗಳ ಅವಧಿಗೆ ರದ್ದುಪಡಿಸಲು ಅವಕಾಶವಿದೆ. ಅಂತಹ ಅಪ್ರಾಪ್ತ ವಯಸ್ಕರು 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸ್ ಪಡೆಯಲು ಅರ್ಹರಾಗುವುದಿಲ್ಲ.

3. ಅರ್ಜಿ, ದಾಖಲೆಗಳು ಮತ್ತು ಶುಲ್ಕ

ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ರಾಜ್ಯವನ್ನು ಆಯ್ಕೆ ಮಾಡಿಕೊಂಡು ನಮೂನೆ-2ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ ವಯಸ್ಸಿನ ಪುರಾವೆ, ವಿಳಾಸದ ಪುರಾವೆ ಹಾಗೂ ದೈಹಿಕ ಸಾಮರ್ಥ್ಯದ ಬಗ್ಗೆ ನಮೂನೆ-1ರಲ್ಲಿ ಸ್ವಯಂ ಘೋಷಣೆ ಅಗತ್ಯ. ಸಾರಿಗೆ ವಾಹನಕ್ಕೆ ಅರ್ಜಿ ಸಲ್ಲಿಸುವವರು ಹಾಗೂ 40 ವರ್ಷ ಮೀರಿದವರು ನೋಂದಾಯಿತ ವೈದ್ಯರಿಂದ ನಮೂನೆ-1ಎ ವೈದ್ಯಕೀಯ ಪ್ರಮಾಣ ಪತ್ರ ಪಡೆದು ಸಲ್ಲಿಸಬೇಕು.

2016ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಶುಲ್ಕದ ವಿವರ:

ಕಲಿಕಾ ಲೈಸೆನ್ಸ್, ಪ್ರತಿ ವರ್ಗದ ವಾಹನಕ್ಕೆ: ರೂ. 150/-
ಕಲಿಕಾ ಲೈಸೆನ್ಸ್ ಪರೀಕ್ಷೆ ಅಥವಾ ಮರುಪರೀಕ್ಷೆ: ರೂ. 50/-

ಒಂದೇ ವರ್ಗದ ವಾಹನಕ್ಕೆ ಅರ್ಜಿ ಸಲ್ಲಿಸುವವರಿಗೆ ಮೇಲ್ಕಂಡ ಶುಲ್ಕಗಳ ಮೊತ್ತ ರೂ. 200/- ಆಗುತ್ತದೆ. ಸೇವಾ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸಿದಲ್ಲಿ ಸೇವಾ ಶುಲ್ಕ ಪ್ರತ್ಯೇಕ. ಇದಕ್ಕಿಂತ ಹಲವು ಪಟ್ಟು ಹಣ ಕೇಳಿ, ಪರೀಕ್ಷೆಯ ಚಿಂತೆ ಬೇಡವೆಂದು ಭರವಸೆ ನೀಡುವ ಮಧ್ಯವರ್ತಿಗಳಿಗೆ ಮಾರುಹೋಗದಿರುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.

ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು ಹಾಗೂ ಜನ್ಮ ದಿನಾಂಕವು ದಾಖಲೆಗಳಲ್ಲಿರುವಂತೆಯೇ ಇರಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ ಹೆಸರು ಇದ್ದಲ್ಲಿ ಮೊದಲು ಅದನ್ನು ಸರಿಪಡಿಸಿಕೊಳ್ಳುವುದು ಸೂಕ್ತ. ವಾಹನದ ವರ್ಗವನ್ನು ಆಯ್ಕೆ ಮಾಡುವಾಗಲೂ ಎಚ್ಚರ ವಹಿಸಬೇಕು. ಗೇರ್ ರಹಿತ ದ್ವಿಚಕ್ರ ವಾಹನವನ್ನು ಮಾತ್ರ ಆಯ್ಕೆ ಮಾಡಿದವರು ಗೇರ್ ಇರುವ ಮೋಟಾರು ಸೈಕಲ್ ಚಲಾಯಿಸುವಂತಿಲ್ಲ.

4. ಪರೀಕ್ಷೆಯ ಸ್ವರೂಪ

2021ರ ಮಾರ್ಚ್‌ನಲ್ಲಿ ಕೇಂದ್ರ ನಿಯಮಗಳಿಗೆ ತಂದ ತಿದ್ದುಪಡಿಯ ಮೂಲಕ ಆಧಾರ್ ದೃಢೀಕರಣದ ಆಧಾರದ ಮೇಲೆ, ಕಚೇರಿಗೆ ಬಾರದೆ, ಕಲಿಕಾ ಲೈಸೆನ್ಸ್ ಪಡೆಯುವ ವ್ಯವಸ್ಥೆಗೆ ದಾರಿಯಾಯಿತು. ಇದರಂತೆ ಅರ್ಜಿದಾರರು ಎರಡು ಬಗೆಯಲ್ಲಿ ಪರೀಕ್ಷೆಗೆ ಹಾಜರಾಗಬಹುದು.

(ಅ) ಆಧಾರ್ ದೃಢೀಕರಣ ಆಯ್ಕೆ ಮಾಡಿಕೊಂಡವರು ಮನೆಯಿಂದಲೇ ಕ್ಯಾಮೆರಾ ಇರುವ ಕಂಪ್ಯೂಟರ್ ಮೂಲಕ.
(ಆ) ಆಧಾರ್ ದೃಢೀಕರಣ ಆಯ್ಕೆ ಮಾಡಿಕೊಳ್ಳದವರು ನಿಗದಿತ ದಿನ ಹಾಗೂ ವೇಳೆಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೂಲ ದಾಖಲೆಗಳೊಂದಿಗೆ ಹಾಜರಾಗಿ.

ಪರೀಕ್ಷೆಗೆ ಮುನ್ನ ರಸ್ತೆ ಸುರಕ್ಷತೆಯ ಪಾಠವನ್ನು ವೀಕ್ಷಿಸಬೇಕಾಗುತ್ತದೆ. ಪರೀಕ್ಷೆಯು ಬಹು ಆಯ್ಕೆಯ ಪ್ರಶ್ನೆಗಳನ್ನು ಒಳಗೊಂಡಿರುತ್ತದೆ. ಪರದೆಯ ಮೇಲೆ ಒಂದರ ನಂತರ ಒಂದರಂತೆ ಪ್ರಶ್ನೆಗಳು ಮೂಡುತ್ತವೆ. ಪ್ರತಿ ಪ್ರಶ್ನೆಗೂ ಸೀಮಿತ ಸಮಯವಿರುತ್ತದೆ. ಕೆಲವು ಪ್ರಶ್ನೆಗಳಲ್ಲಿ ಚಿಹ್ನೆಯ ಚಿತ್ರವನ್ನು ನೀಡಿ ಅದರ ಅರ್ಥ ಕೇಳಲಾಗುತ್ತದೆ. ಉತ್ತೀರ್ಣರಾಗಲು ಕನಿಷ್ಠ ಶೇ. 60ರಷ್ಟು ಪ್ರಶ್ನೆಗಳಿಗೆ ಸರಿಯುತ್ತರ ನೀಡಿರಬೇಕು. ಪ್ರಶ್ನೆಗಳ ಸಂಖ್ಯೆ ಹಾಗೂ ಸಮಯದ ಸೂಚನೆಯನ್ನು ಆರಂಭದಲ್ಲಿಯೇ ಓದಿಕೊಳ್ಳತಕ್ಕದ್ದು. ಕರ್ನಾಟಕದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ತಮಗೆ ಸುಲಭವಾಗಿ ಅರ್ಥವಾಗುವ ಭಾಷೆಯನ್ನು ಅರ್ಜಿದಾರರು ಮೊದಲೇ ಆಯ್ಕೆ ಮಾಡಿಕೊಳ್ಳಬೇಕು.

5. ಪರೀಕ್ಷೆಯ ವಿಷಯಗಳು

ನಿಯಮ 11ರಲ್ಲಿ ನಾಲ್ಕು ವಿಷಯಗಳನ್ನು ಹೆಸರಿಸಲಾಗಿದೆ: ಸಂಚಾರ ಚಿಹ್ನೆ, ಸಂಕೇತ ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯಗಳು, ಕಾವಲು ರಹಿತ ರೈಲ್ವೆ ಕ್ರಾಸಿಂಗ್ ದಾಟುವಾಗ ವಹಿಸಬೇಕಾದ ಎಚ್ಚರಿಕೆ, ವಾಹನ ಚಲಾಯಿಸುವಾಗ ಇರಬೇಕಾದ ದಾಖಲೆಗಳು. ಇವುಗಳನ್ನು ಕ್ರಮವಾಗಿ ವಿವರಿಸಲಾಗಿದೆ.

5.1 ಸಂಚಾರ ಚಿಹ್ನೆಗಳು

ನೂರಾರು ಚಿಹ್ನೆಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಚಿಹ್ನೆಯ ಆಕಾರವೇ ಅದರ ಸ್ವರೂಪವನ್ನು ತಿಳಿಸುತ್ತದೆ.

ವೃತ್ತಾಕಾರದವು ಆದೇಶಾತ್ಮಕ ಚಿಹ್ನೆಗಳು. ಕೆಂಪು ಅಂಚಿನ ವೃತ್ತವು ಸಾಮಾನ್ಯವಾಗಿ ನಿಷೇಧ ಅಥವಾ ಮಿತಿಯನ್ನು ಸೂಚಿಸುತ್ತದೆ. ನೀಲಿ ಹಿನ್ನೆಲೆಯಲ್ಲಿ ಬಿಳಿ ಬಾಣವಿರುವ ವೃತ್ತವು ಕಡ್ಡಾಯವಾಗಿ ಅನುಸರಿಸಬೇಕಾದ ದಿಕ್ಕನ್ನು ಸೂಚಿಸುತ್ತದೆ. ತ್ರಿಕೋನಾಕಾರದವು ಎಚ್ಚರಿಕೆಯ ಚಿಹ್ನೆಗಳು: ಮುಂದೆ ತಿರುವು, ಕಿರಿದಾದ ಸೇತುವೆ, ಶಾಲೆ, ಜಾರುವ ರಸ್ತೆ ಇತ್ಯಾದಿ. ಆಯತಾಕಾರದವು ಮಾಹಿತಿಯ ಚಿಹ್ನೆಗಳು: ಆಸ್ಪತ್ರೆ, ಪೆಟ್ರೋಲ್ ಬಂಕ್, ವಾಹನ ನಿಲುಗಡೆ ಸ್ಥಳ ಇತ್ಯಾದಿ.

ಎರಡು ಚಿಹ್ನೆಗಳಿಗೆ ಮಾತ್ರ ವಿಶೇಷ ಆಕಾರ ನೀಡಲಾಗಿದೆ. ‘ನಿಲ್ಲಿ’ ಎಂಬ ಚಿಹ್ನೆಗೆ ಎಂಟು ಮೂಲೆಗಳಿವೆ. ‘ದಾರಿ ಬಿಡಿ’ ಎಂಬ ಚಿಹ್ನೆಯು ತಲೆಕೆಳಗಾದ ತ್ರಿಕೋನವಾಗಿದೆ. ಧೂಳು, ಮಳೆ ಅಥವಾ ಭಿತ್ತಿಪತ್ರಗಳಿಂದ ಅಕ್ಷರಗಳು ಮರೆಯಾದರೂ ಆಕಾರದಿಂದಲೇ ಇವೆರಡನ್ನು ಗುರುತಿಸಲು ಸಾಧ್ಯವಾಗಲೆಂಬುದು ಇದರ ಪ್ರಯೋಜನ.

ವಿದ್ಯುತ್ ಸಂಕೇತಗಳ ಪೈಕಿ ಹಳದಿ ದೀಪದ ಬಗ್ಗೆ ಹೆಚ್ಚಿನವರು ತಪ್ಪು ಉತ್ತರ ನೀಡುತ್ತಾರೆ. ಹಳದಿ ದೀಪವು ವೇಗ ಹೆಚ್ಚಿಸಲು ನೀಡುವ ಅನುಮತಿಯಲ್ಲ. ಸುರಕ್ಷಿತವಾಗಿ ನಿಲ್ಲಲು ಸಾಧ್ಯವಾಗದಷ್ಟು ನಿಲುಗಡೆ ರೇಖೆಯ ಸಮೀಪಕ್ಕೆ ಬಂದಿದ್ದ ಹೊರತು ವಾಹನವನ್ನು ನಿಲ್ಲಿಸಬೇಕು. ಮಿನುಗುವ ಕೆಂಪು ದೀಪ ಇದ್ದಲ್ಲಿ ನಿಲ್ಲಿಸಿ, ಸುರಕ್ಷಿತವೆಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು. ಮಿನುಗುವ ಹಳದಿ ದೀಪ ಇದ್ದಲ್ಲಿ ವೇಗ ತಗ್ಗಿಸಿ ಎಚ್ಚರಿಕೆಯಿಂದ ಸಾಗಬೇಕು.

5.2 ರಸ್ತೆ ನಿಯಮಗಳು

ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾರಿಗೆ ಮೊದಲು ದಾರಿ’ ಎಂಬ ಒಂದೇ ವಿಷಯವನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳುತ್ತವೆ. ಕಾರಣ ತಿಳಿದಿದ್ದಲ್ಲಿ ಉತ್ತರ ತಾನಾಗಿ ಹೊಳೆಯುತ್ತದೆ. ಉದಾಹರಣೆಗೆ:

ಘಟ್ಟದ ಕಿರಿದಾದ ರಸ್ತೆಯಲ್ಲಿ ಎರಡು ವಾಹನಗಳು ಎದುರಾದಾಗ ಏರುತ್ತಿರುವ ವಾಹನಕ್ಕೆ ಆದ್ಯತೆ. ಇಳಿಯುತ್ತಿರುವ ವಾಹನವು ಬದಿಗೆ ನಿಂತು ದಾರಿ ಬಿಡಬೇಕು. ತುಂಬು ಭಾರದೊಡನೆ ಏರುತ್ತಿರುವ ವಾಹನವು ಒಮ್ಮೆ ನಿಂತರೆ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುವ ಅಪಾಯವಿರುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಸಂಚರಿಸುವವರಿಗೆ ಈ ನಿಯಮದ ಮಹತ್ವ ತಿಳಿದೇ ಇದೆ.

ಸಂಚಾರ ದೀಪವಿಲ್ಲದ ಪಾದಚಾರಿ ದಾಟುಪಟ್ಟಿಯಲ್ಲಿ ಪಾದಚಾರಿಗೆ ಆದ್ಯತೆ. ಬಿಳಿ ಕೋಲು ಹಿಡಿದ ಅಂಧ ವ್ಯಕ್ತಿಯು ರಸ್ತೆ ದಾಟುತ್ತಿದ್ದಲ್ಲಿ ಆ ಬಿಳಿ ಕೋಲನ್ನೇ ನಿಲ್ಲಬೇಕೆಂಬ ಸಂಕೇತವಾಗಿ ಭಾವಿಸಿ ವಾಹನ ನಿಲ್ಲಿಸಬೇಕು.

ಎತ್ತು, ಎಮ್ಮೆ ಅಥವಾ ಇತರ ಪ್ರಾಣಿಯನ್ನು ನಡೆಸಿಕೊಂಡು ಹೋಗುತ್ತಿರುವವರು, ಪ್ರಾಣಿ ಬೆದರಬಹುದೆಂದು ಕೈ ತೋರಿದಲ್ಲಿ ಚಾಲಕನು ವಾಹನ ನಿಲ್ಲಿಸಬೇಕು. ಇದು ಸೌಜನ್ಯದ ಮಾತಷ್ಟೇ ಅಲ್ಲ. ಅಧಿನಿಯಮದ ಪ್ರಕರಣ 132ರಲ್ಲಿ ಹೇಳಿರುವ ಕರ್ತವ್ಯ. ಇಂತಹ ಸಂದರ್ಭದಲ್ಲಿ ಹಾರ್ನ್ ಮಾಡಿ ಮುಂದೆ ಸಾಗುವುದು ತಪ್ಪು ಉತ್ತರ.

ಆಂಬುಲೆನ್ಸ್ ಹಾಗೂ ಅಗ್ನಿಶಾಮಕ ವಾಹನಗಳಿಗೆ ರಸ್ತೆಯ ಬದಿಗೆ ಸರಿದು ದಾರಿ ಬಿಡಬೇಕು. ಅವುಗಳ ಬೆನ್ನು ಹತ್ತಿ ವೇಗವಾಗಿ ಸಾಗುವುದು ಅಪಾಯಕರ.

ಮುಂದಿನ ವಾಹನವನ್ನು ಬಲಬದಿಯಿಂದ ಹಿಂದಿಕ್ಕಬೇಕು. ಮುಂದಿನ ವಾಹನವು ಬಲಕ್ಕೆ ತಿರುಗುವ ಸೂಚನೆ ನೀಡಿ ರಸ್ತೆಯ ಮಧ್ಯಕ್ಕೆ ಬಂದಿದ್ದಲ್ಲಿ ಎಡಬದಿಯಿಂದ ಸಾಗಬಹುದು. ತಿರುವು, ಏರುದಾರಿಯ ತುದಿ, ಕಿರಿದಾದ ಸೇತುವೆ, ರಸ್ತೆ ಕೂಡುವ ಸ್ಥಳ ಇವುಗಳಲ್ಲಿ ಹಿಂದಿಕ್ಕುವಂತಿಲ್ಲ. ಈ ಎಲ್ಲ ಸ್ಥಳಗಳಿಗೂ ಸಮಾನವಾದ ಒಂದು ಲಕ್ಷಣವಿದೆ: ಎದುರಿನಿಂದ ಬರುವುದು ಕಾಣಿಸುವುದಿಲ್ಲ, ಅಥವಾ ಕಂಡಾಗ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ವಾಹನ ನಿಲುಗಡೆ ನಿಷೇಧಿಸಿದ ಸ್ಥಳಗಳ ಪ್ರಶ್ನೆಗೂ ಇದೇ ತರ್ಕವನ್ನು ಅನ್ವಯಿಸಿಕೊಳ್ಳಬಹುದು.

ಮುಂದಿನ ವಾಹನದಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳಬೇಕು. ಗಂಟೆಗೆ 36 ಕಿ.ಮೀ. ವೇಗದಲ್ಲಿ ವಾಹನವು ಪ್ರತಿ ಸೆಕೆಂಡಿಗೆ 10 ಮೀಟರ್, 54 ಕಿ.ಮೀ. ವೇಗದಲ್ಲಿ 15 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಒಂದು ಸೆಕೆಂಡು ಕಳೆದರೂ ವಾಹನವು ಅಷ್ಟು ದೂರ ಮುಂದಕ್ಕೆ ಹೋಗಿರುತ್ತದೆ. ಮಳೆಯಲ್ಲಿ ಹಾಗೂ ಮಂಜಿನಲ್ಲಿ ಈ ಅಂತರವನ್ನು ಇನ್ನಷ್ಟು ಹೆಚ್ಚಿಸಬೇಕು.

ಮದ್ಯಪಾನದ ಕುರಿತ ಪ್ರಶ್ನೆಗೆ ಸಂಖ್ಯೆ ನೆನಪಿರಲಿ: 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ಮೀರಿದ ಮದ್ಯಸಾರವಿದ್ದಲ್ಲಿ ಪ್ರಕರಣ 185ರಡಿ ಅಪರಾಧ.

5.3 ಕಾವಲು ರಹಿತ ರೈಲ್ವೆ ಕ್ರಾಸಿಂಗ್

ಪ್ರಕರಣ 131ರಂತೆ ಕಾವಲು ರಹಿತ ರೈಲ್ವೆ ಕ್ರಾಸಿಂಗ್ ಬಳಿ ಚಾಲಕನು ವಾಹನವನ್ನು ನಿಲ್ಲಿಸಬೇಕು. ವಾಹನದಲ್ಲಿರುವ ನಿರ್ವಾಹಕ, ಸಹಾಯಕ ಅಥವಾ ಬೇರೊಬ್ಬ ವ್ಯಕ್ತಿಯು ಇಳಿದು ಕ್ರಾಸಿಂಗ್‌ವರೆಗೆ ನಡೆದು, ಎರಡೂ ಕಡೆಯಿಂದ ರೈಲು ಅಥವಾ ಟ್ರಾಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಬೇರೆ ಯಾರೂ ಇಲ್ಲದಿದ್ದಲ್ಲಿ ಚಾಲಕನೇ ಇಳಿದು ನೋಡತಕ್ಕದ್ದು.

ಭಾರತೀಯ ರೈಲ್ವೆಯು ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲು ರಹಿತ ಕ್ರಾಸಿಂಗ್‌ಗಳನ್ನು 2019ರ ಜನವರಿಯ ವೇಳೆಗೆ ನಿವಾರಿಸಿದೆ. ಆದಾಗ್ಯೂ ಈ ವಿಷಯವು ಪರೀಕ್ಷೆಯಲ್ಲಿ ಮುಂದುವರಿದಿದೆ. ಕಾಣದಿರುವುದನ್ನು ಊಹಿಸದೆ, ನಿಂತು ನೋಡಿ ಮುಂದುವರಿಯಬೇಕೆಂಬ ಪಾಠವು ಕಣ್ಮರೆಯಾದ ಪ್ರತಿಯೊಂದು ತಿರುವಿಗೂ ಅನ್ವಯಿಸುತ್ತದೆ.

5.4 ಅಪಘಾತವಾದಾಗ ಚಾಲಕನ ಕರ್ತವ್ಯಗಳು

ಪರೀಕ್ಷೆಯ ವಿಷಯಗಳ ಪೈಕಿ ಅತ್ಯಂತ ಮುಖ್ಯವಾದದ್ದು ಇದು. ಅಪಘಾತವಾದ ಕ್ಷಣದಲ್ಲಿ ಪುಸ್ತಕ ತೆರೆದು ನೋಡಲು ಯಾರಿಗೂ ಅವಕಾಶವಿರುವುದಿಲ್ಲ. ಹೆದರಿ ಸ್ಥಳದಿಂದ ಓಡುವುದು ಸಹಜ ಪ್ರವೃತ್ತಿ. ಮೊದಲೇ ತಿಳಿದಿದ್ದಲ್ಲಿ ಮಾತ್ರ ಆ ಪ್ರವೃತ್ತಿಯನ್ನು ಮೀರಲು ಸಾಧ್ಯ. ಪ್ರಕರಣ 134ರಂತೆ ಚಾಲಕನು:

(ಅ) ಗಾಯಗೊಂಡವರಿಗೆ ವೈದ್ಯಕೀಯ ನೆರವು ಒದಗಿಸಲು ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕು. ಅಗತ್ಯವಿದ್ದಲ್ಲಿ ಹತ್ತಿರದ ವೈದ್ಯರ ಬಳಿಗೆ ಅಥವಾ ಆಸ್ಪತ್ರೆಗೆ ಸಾಗಿಸಬೇಕು. ಉದ್ರಿಕ್ತ ಗುಂಪಿನಿಂದಾಗಿ ಅಥವಾ ತನ್ನ ಹತೋಟಿ ಮೀರಿದ ಇತರ ಕಾರಣದಿಂದಾಗಿ ಇದು ಅಸಾಧ್ಯವಾದಲ್ಲಿ ಮಾತ್ರ ವಿನಾಯಿತಿ ಇದೆ.

(ಆ) ಪೊಲೀಸ್ ಅಧಿಕಾರಿ ಕೇಳಿದಾಗ ಮಾಹಿತಿ ನೀಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದಲ್ಲಿ ಆದಷ್ಟು ಬೇಗ, ಯಾವುದೇ ಸಂದರ್ಭದಲ್ಲಿಯೂ 24 ಗಂಟೆಗಳೊಳಗೆ, ಹತ್ತಿರದ ಪೊಲೀಸ್ ಠಾಣೆಗೆ ವರದಿ ಮಾಡಬೇಕು.

(ಇ) ವಿಮೆ ನೀಡಿದ ಸಂಸ್ಥೆಗೆ ಲಿಖಿತವಾಗಿ ವಿವರ ತಿಳಿಸಬೇಕು.

ಗಾಯಗೊಂಡ ನಂತರದ ಮೊದಲ ಒಂದು ಗಂಟೆಯನ್ನು ಅಧಿನಿಯಮದಲ್ಲಿ ‘ಗೋಲ್ಡನ್ ಅವರ್’ ಎಂದು ಹೆಸರಿಸಲಾಗಿದೆ. ತಕ್ಷಣದ ಚಿಕಿತ್ಸೆಯಿಂದ ಜೀವ ಉಳಿಯುವ ಸಾಧ್ಯತೆ ಅತ್ಯಧಿಕವಾಗಿರುವ ಅವಧಿ ಇದು. ಅಪಘಾತಕ್ಕೆ ಸಂಬಂಧಪಡದ ದಾರಿಹೋಕರು ಸದುದ್ದೇಶದಿಂದ ಗಾಯಾಳುವಿಗೆ ನೆರವಾದಲ್ಲಿ ಅವರಿಗೆ ಪ್ರಕರಣ 134ಎ ರಕ್ಷಣೆ ನೀಡುತ್ತದೆ. ಪೊಲೀಸ್, ನ್ಯಾಯಾಲಯ ಎಂದು ಅಲೆಯಬೇಕಾದೀತೆಂಬ ಅಂಜಿಕೆಯಿಂದ ಹಿಂಜರಿಯುವ ಅಗತ್ಯವಿಲ್ಲ.

5.5 ವಾಹನದಲ್ಲಿ ಇರಬೇಕಾದ ದಾಖಲೆಗಳು

ಲೈಸೆನ್ಸ್, ನೋಂದಣಿ ಪ್ರಮಾಣ ಪತ್ರ, ವಿಮಾ ಪ್ರಮಾಣ ಪತ್ರ ಹಾಗೂ, ವಾಹನದ ಮೊದಲ ನೋಂದಣಿಯಿಂದ ಒಂದು ವರ್ಷ ಕಳೆದಿದ್ದಲ್ಲಿ, ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ. ಸಾರಿಗೆ ವಾಹನಗಳಿಗೆ ಹೆಚ್ಚುವರಿಯಾಗಿ ಅರ್ಹತಾ ಪ್ರಮಾಣ ಪತ್ರ ಹಾಗೂ ರಹದಾರಿ. 2018ರ ತಿದ್ದುಪಡಿಯ ನಂತರ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ವಿದ್ಯುನ್ಮಾನ ರೂಪದಲ್ಲಿ ತೋರಿಸಿದರೂ ಮಾನ್ಯವಾಗುತ್ತದೆ. ಮೂಲ ದಾಖಲೆಯ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ಇದಕ್ಕೆ ಸಮನಾಗುವುದಿಲ್ಲ.

6. ಸಿದ್ಧತೆಯ ಕ್ರಮ

ಪರೀಕ್ಷೆಯ ದಿನಾಂಕಕ್ಕೆ ಕನಿಷ್ಠ ಒಂದು ವಾರ ಮುಂಚಿತವಾಗಿ ಸಿದ್ಧತೆ ಆರಂಭಿಸುವುದು ಒಳ್ಳೆಯದು. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ಎರಡು ದಿನ ಚಿಹ್ನೆಗಳನ್ನು ಆಕಾರದ ಪ್ರಕಾರ ವಿಂಗಡಿಸಿ ಓದಬೇಕು. ನಂತರದ ಎರಡು ದಿನ ರಸ್ತೆ ನಿಯಮಗಳು, ಐದನೆಯ ದಿನ ಅಪಘಾತ ಹಾಗೂ ರೈಲ್ವೆ ಕ್ರಾಸಿಂಗ್ ಕುರಿತ ಕರ್ತವ್ಯಗಳು, ಆರನೆಯ ದಿನ ದಾಖಲೆಗಳು. ಕೊನೆಯ ದಿನ ಸಾರಥಿ ಜಾಲತಾಣದಲ್ಲಿರುವ ಅಣಕು ಪರೀಕ್ಷೆಯನ್ನು ಗಡಿಯಾರದ ಮಿತಿಯೊಳಗೆ ಬರೆದು ನೋಡಬೇಕು.

ಪ್ರಶ್ನೋತ್ತರಗಳ ಪಟ್ಟಿಯನ್ನು ಮಾತ್ರ ಕಂಠಪಾಠ ಮಾಡುವವರು ಆಯ್ಕೆಗಳ ಕ್ರಮ ಬದಲಾದೊಡನೆ ಗೊಂದಲಕ್ಕೀಡಾಗುತ್ತಾರೆ. ಬಸ್ಸಿನಲ್ಲಿಯೋ ನಡೆದುಕೊಂಡೋ ಹೋಗುವಾಗ ರಸ್ತೆಬದಿಯ ಚಿಹ್ನೆಗಳನ್ನು ಗುರುತಿಸಿ ಅರ್ಥ ಹೇಳಿಕೊಳ್ಳುವ ಅಭ್ಯಾಸವು ಬಹಳ ಉಪಯುಕ್ತ. ಓದು ಬರಹದಲ್ಲಿ ವೇಗವಿಲ್ಲದ ಹಿರಿಯರಿಗೆ ಮನೆಯ ಮಕ್ಕಳು ಪ್ರಶ್ನೆಗಳನ್ನು ಓದಿ ಹೇಳಿ ಅಭ್ಯಾಸ ಮಾಡಿಸಬಹುದು. ಆದರೆ ಈ ನೆರವು ಪರೀಕ್ಷೆಗೆ ಮುನ್ನವೇ ಮುಗಿಯಬೇಕು.

7. ಪರೀಕ್ಷೆಯ ದಿನ

ಕಚೇರಿಯಲ್ಲಿ ಪರೀಕ್ಷೆಗೆ ಹಾಜರಾಗುವವರು ಅರ್ಜಿಯ ಪ್ರತಿ, ಶುಲ್ಕದ ರಸೀದಿ ಹಾಗೂ ಮೂಲ ದಾಖಲೆಗಳೊಂದಿಗೆ ನಿಗದಿತ ವೇಳೆಗೆ ಮುಂಚಿತವಾಗಿ ಬರುವುದು. ಕಂಪ್ಯೂಟರ್ ಬಳಸಿ ರೂಢಿಯಿಲ್ಲದವರು ಉತ್ತರ ಆಯ್ಕೆ ಮಾಡುವ ಕ್ರಮವನ್ನು ಆರಂಭಕ್ಕೆ ಮುನ್ನ ಸಿಬ್ಬಂದಿಯಿಂದ ಕೇಳಿ ತಿಳಿದುಕೊಳ್ಳಬಹುದು.

ಮನೆಯಿಂದ ಪರೀಕ್ಷೆ ಬರೆಯುವವರು ಸಾಕಷ್ಟು ಬೆಳಕಿರುವ, ಶಾಂತವಾದ ಕೊಠಡಿಯಲ್ಲಿ ಕುಳಿತುಕೊಳ್ಳಬೇಕು. ವಿದ್ಯುತ್ ಹಾಗೂ ಅಂತರ್ಜಾಲ ಸಂಪರ್ಕವನ್ನು ಮೊದಲೇ ಪರಿಶೀಲಿಸಿಕೊಳ್ಳಬೇಕು. ಪಕ್ಕದಲ್ಲಿ ಬೇರೆಯವರನ್ನು ಕೂರಿಸಿಕೊಂಡು ಉತ್ತರ ಕೇಳುವುದು, ಮಧ್ಯವರ್ತಿಗೆ ಗುಪ್ತಸಂಖ್ಯೆ ನೀಡಿ ಪರೀಕ್ಷೆ ಬರೆಸುವುದು ವಂಚನೆಯಾಗುತ್ತದೆ. ವಂಚನೆ ಅಥವಾ ತಪ್ಪು ನಿರೂಪಣೆಯಿಂದ ಲೈಸೆನ್ಸ್ ಪಡೆದವರನ್ನು ಅನರ್ಹಗೊಳಿಸುವ ಅಧಿಕಾರವನ್ನು ಪ್ರಕರಣ 19 ಲೈಸೆನ್ಸ್ ನೀಡುವ ಪ್ರಾಧಿಕಾರಕ್ಕೆ ನೀಡಿದೆ. ಇದಕ್ಕಿಂತ ದೊಡ್ಡ ನಷ್ಟವು ಬೇರೊಂದು ಬಗೆಯದು. ಬೇರೆಯವರು ಬರೆದ ಉತ್ತರಗಳು ಅರ್ಜಿದಾರರೊಂದಿಗೆ ರಸ್ತೆಗೆ ಬರುವುದಿಲ್ಲ. ಮನೆಯಲ್ಲಿ ಕುಳಿತು ಪರೀಕ್ಷೆ ಬರೆಯುವ ಅನುಕೂಲದೊಂದಿಗೆ, ತನ್ನ ತಿಳಿವಳಿಕೆಯನ್ನು ತಾನೇ ಪ್ರಾಮಾಣಿಕವಾಗಿ ಅಳೆದುಕೊಳ್ಳುವ ಹೊಣೆಯೂ ಅರ್ಜಿದಾರರ ಮೇಲೆ ಬಂದಿದೆ.

ಅನುತ್ತೀರ್ಣರಾದವರು ನಿರಾಶರಾಗಬೇಕಿಲ್ಲ. ರೂ. 50/- ಶುಲ್ಕ ಪಾವತಿಸಿ ಮರುಪರೀಕ್ಷೆಗೆ ಹಾಜರಾಗಬಹುದು. ತಪ್ಪಾದ ವಿಷಯವನ್ನು ಗುರುತು ಮಾಡಿಕೊಂಡು, ಮತ್ತೊಮ್ಮೆ ಓದಿ ಹಾಜರಾಗುವುದು ಸೂಕ್ತ.

8. ಉತ್ತೀರ್ಣರಾದ ನಂತರ

ಕಲಿಕಾ ಲೈಸೆನ್ಸ್ ನಮೂನೆ-3ರಲ್ಲಿ ದೊರೆಯುತ್ತದೆ; ಇದರ ಅವಧಿ 6 ತಿಂಗಳು. ಇದು ಒಬ್ಬರೇ ವಾಹನ ಚಲಾಯಿಸಲು ಅನುಮತಿಯಲ್ಲ. ನಿಯಮ 3ರಂತೆ ಈ ಕೆಳಕಂಡ ಷರತ್ತುಗಳು ಅನ್ವಯಿಸುತ್ತವೆ:

(ಅ) ಆ ವಾಹನ ಚಲಾಯಿಸುವ ಚಾಲ್ತಿ ಲೈಸೆನ್ಸ್ ಹೊಂದಿರುವ ಬೋಧಕರು ಜೊತೆಯಲ್ಲಿದ್ದು, ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವಂತೆ ಕುಳಿತಿರಬೇಕು.

(ಆ) ವಾಹನದ ಮುಂಭಾಗ ಹಾಗೂ ಹಿಂಭಾಗದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರ ಇರಬೇಕು. ಫಲಕವು 18 ಸೆಂ.ಮೀ. ಚೌಕಕ್ಕೂ, ಅಕ್ಷರವು 10 ಸೆಂ.ಮೀ. ಎತ್ತರಕ್ಕೂ ಕಡಿಮೆಯಿರಬಾರದು.

(ಇ) ಮೋಟಾರು ಸೈಕಲ್ ಕಲಿಯುತ್ತಿರುವವರು ಕಲಿಕೆಯ ಉದ್ದೇಶಕ್ಕಲ್ಲದೆ ಬೇರೆಯವರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ.

‘ಎಲ್’ ಫಲಕವು ಹಿಂದೆ ಬರುವವರಿಗೆ ತಾಳ್ಮೆ ವಹಿಸುವಂತೆ ಮಾಡುವ ವಿನಂತಿಯೂ ಹೌದು. ಅದನ್ನು ಹಾಕಿಕೊಳ್ಳಲು ಸಂಕೋಚ ಪಡುವವರು ಆ ರಕ್ಷಣೆಯನ್ನು ಕಳೆದುಕೊಳ್ಳುತ್ತಾರೆ.

ಕಲಿಕಾ ಲೈಸೆನ್ಸ್ ಪಡೆದ ದಿನದಿಂದ ಕನಿಷ್ಠ 30 ದಿನಗಳು ಕಳೆದ ನಂತರ, ಅದರ ಅವಧಿ ಮುಗಿಯುವುದರೊಳಗೆ, ಚಾಲನಾ ಪರೀಕ್ಷೆಗೆ ಹಾಜರಾಗಬಹುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈಗಾಗಲೇ ದ್ವಿಚಕ್ರ ವಾಹನದ ಚಾಲನಾ ಲೈಸೆನ್ಸ್ ಇದೆ. ಕಾರಿಗೂ ಪ್ರಾಥಮಿಕ ಪರೀಕ್ಷೆ ಬರೆಯಬೇಕೇ?
ಉತ್ತರ: ಚಾಲ್ತಿಯಲ್ಲಿರುವ ಚಾಲನಾ ಲೈಸೆನ್ಸ್ ಹೊಂದಿರುವವರಿಗೆ ಪ್ರಾಥಮಿಕ ಪರೀಕ್ಷೆಯಿಂದ ವಿನಾಯಿತಿ ಇದೆ. ಆದರೆ ಹೊಸ ವರ್ಗಕ್ಕೆ ಕಲಿಕಾ ಲೈಸೆನ್ಸ್ ಪಡೆಯುವುದು ಅಗತ್ಯ.

ಪ್ರಶ್ನೆ: ಸ್ವಂತ ಊರು ಬೇರೆ ಜಿಲ್ಲೆಯಲ್ಲಿದೆ. ಎಲ್ಲಿ ಅರ್ಜಿ ಸಲ್ಲಿಸಬೇಕು?
ಉತ್ತರ: 2019ರ ತಿದ್ದುಪಡಿಯಂತೆ ತಾವು ಸಾಮಾನ್ಯವಾಗಿ ವಾಸಿಸುವ ರಾಜ್ಯದ ಯಾವುದೇ ಲೈಸೆನ್ಸ್ ನೀಡುವ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ಕಲಿಕಾ ಲೈಸೆನ್ಸ್ ಇದ್ದು, ಬೋಧಕರಿಲ್ಲದೆ ವಾಹನ ಚಲಾಯಿಸಿದರೆ ಏನಾಗುತ್ತದೆ?
ಉತ್ತರ: ನಿಯಮ 3ರ ಉಲ್ಲಂಘನೆಯಾಗುತ್ತದೆ. ಲೈಸೆನ್ಸ್ ಇಲ್ಲದೆ ಚಲಾಯಿಸುವವರಿಗೆ ಪ್ರಕರಣ 181ರಡಿ 3 ತಿಂಗಳವರೆಗೆ ಕಾರಾಗೃಹ ವಾಸ ಅಥವಾ ರೂ. 5,000/- ದಂಡ ಅಥವಾ ಎರಡನ್ನೂ ವಿಧಿಸಬಹುದು. ವಾಹನ ವಿಮೆಯ ಚಾಲಕರ ಷರತ್ತಿನಲ್ಲಿಯೂ ಕಲಿಕಾ ಲೈಸೆನ್ಸ್ ಹೊಂದಿದವರು ನಿಯಮ 3ನ್ನು ಪಾಲಿಸಿರಬೇಕೆಂದು ನಮೂದಿಸಲಾಗಿರುತ್ತದೆ. ಪಾಲಿಸದಿದ್ದಲ್ಲಿ ಸ್ವಂತ ವಾಹನದ ಹಾನಿಗೆ ಪರಿಹಾರ ಪಡೆಯುವಾಗ ತೊಂದರೆಯಾಗಬಹುದು.

ಪ್ರಶ್ನೆ: ಆರು ತಿಂಗಳೊಳಗೆ ಚಾಲನಾ ಪರೀಕ್ಷೆಗೆ ಹೋಗಲಾಗಲಿಲ್ಲ. ಮುಂದೇನು?
ಉತ್ತರ: ಅವಧಿ ಮುಗಿದ ಕಲಿಕಾ ಲೈಸೆನ್ಸ್‌ನ ಆಧಾರದ ಮೇಲೆ ವಾಹನ ಚಲಾಯಿಸುವಂತಿಲ್ಲ. ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು.

ಸಾರ್ವಜನಿಕರಲ್ಲಿ ಮನವಿ

ಅರ್ಜಿ ಸಲ್ಲಿಕೆ, ಶುಲ್ಕ ಪಾವತಿ ಹಾಗೂ ಪರೀಕ್ಷೆಯನ್ನು ಅರ್ಜಿದಾರರೇ ಖುದ್ದಾಗಿ ಪೂರೈಸಬಹುದಾಗಿದ್ದು, ಇದಕ್ಕೆ ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ. ಉತ್ತೀರ್ಣರಾಗಲು ಶೇ. 60 ಅಂಕ ಸಾಕೆಂದು ಕಾನೂನು ಹೇಳಿದ್ದರೂ, ತಪ್ಪಾದ ಉಳಿದ ಉತ್ತರಗಳನ್ನು ಪರೀಕ್ಷೆಯ ನಂತರವಾದರೂ ತಿಳಿದುಕೊಂಡು ರಸ್ತೆಗಿಳಿಯಬೇಕೆಂದು ಎಲ್ಲ ಅರ್ಜಿದಾರರಲ್ಲಿ ಕೋರಲಾಗಿದೆ.